ಬೆಚ್ಚಗಿನ ನಾಲ್ಕು ಜಾಗ

"ಬಾಗಿಲು ಮುಚ್ಚಿ!"

ಕತ್ತಲೆಯೊಳಗಿಂದ ಬಂದ ಆ ದನಿಗೆ ಅವಳ ಕೈಯಲ್ಲಿದ್ದ ಟ್ರೇ ನಡುಗಿತು. ಟ್ರೇಯಲ್ಲಿ ಎಂಟು ಪುಟ್ಟ ಗಾಜಿನ ಡಿಶ್‌ಗಳು... ಅದರಲ್ಲಿ ನಾಲ್ಕಂತೂ ಎಂಟು ತಿಂಗಳ ತಪಸ್ಸು!

"ಒಳಗೆ ಬಂದು ಮುಚ್ಚಲಾ, ಹೊರಗೆ ಹೋಗಿ ಮುಚ್ಚಲಾ?" ಅವಳೂ ಅಷ್ಟೇ ಜೋರಾಗಿ ಕೇಳಿದಳು.

"ಎಲ್ಲಿಂದಾದ್ರೂ ಮುಚ್ಚಿ ತಾಯೀ! ಹೊರಗಿನ ಬೆಳಕು ಬಿದ್ರೆ ನಾಲ್ಕು ಗಂಟೆಯಿಂದ ತೆಗೀತಿರೋ ಚಿತ್ರ ಹಾಳಾಗುತ್ತೆ. ಬಾಗಿಲ ಮೇಲೆ ಕೆಂಪು ದೀಪ ಹಾಕಿರೋದು ಅಲಂಕಾರಕ್ಕಲ್ಲ."

ಅವಳು ಒಳಗೆ ಬಂದು ಹಿಮ್ಮಡಿಯಿಂದ ಬಾಗಿಲು ತಳ್ಳಿದಳು. ಕಣ್ಣಿಗೆ ಏನೂ ಕಾಣಲಿಲ್ಲ. ಮೂಲೆಯಲ್ಲಿ ಒಂದು ಪರದೆ, ಅದರ ಮೇಲೆ ಚೆಲ್ಲಿದ ಹಸಿರು ಚುಕ್ಕಿಗಳು. ಚುಕ್ಕಿಗಳ ಬೆಳಕಿನಲ್ಲಿ ಒಂದು ಗಲ್ಲ, ಕನ್ನಡಕದ ಒಂದು ಅಂಚು. ಅಷ್ಟೇ.

ಇವರೇನಾ 'ಕತ್ತಲೆ ಮೇಷ್ಟ್ರು'?

ಇಡೀ ಸಂಶೋಧನಾ ಸಂಸ್ಥೆಯಲ್ಲಿ ಆ ಹೆಸರು ಗೊತ್ತಿಲ್ಲದವರಿರಲಿಲ್ಲ. ಸೂಕ್ಷ್ಮದರ್ಶಕದ ಕೋಣೆ ನೋಡಿಕೊಳ್ಳುವ ಗುತ್ತಿಗೆ ನೌಕರ. ದೊಡ್ಡ ಪದವಿಯವರಿಗೂ ಯಂತ್ರದ ಪಾಠ ಹೇಳುತ್ತಿದ್ದುದರಿಂದ ಮೇಷ್ಟ್ರು, ಹಗಲೆಲ್ಲ ದೀಪ ಆರಿಸಿ ಕೂರುತ್ತಿದ್ದುದರಿಂದ ಕತ್ತಲೆ.

"ಏನು ತಂದಿದೀರಿ?"

"ಕೋಶಗಳು."

"ಅದು ಗೊತ್ತು ಮೇಡಂ. ಇಲ್ಲಿಗೆ ಯಾರೂ ತರಕಾರಿ ತರಲ್ಲ."

ನಗು ಬಂತು. ಆದರೆ ಬಿಟ್ಟುಕೊಡಲಿಲ್ಲ. "ನಾಲ್ಕು ಡಿಶ್ ಸಾಮಾನ್ಯ ಕೋಶ. ಇನ್ನು ನಾಲ್ಕರಲ್ಲಿ ಒಂದು ಪ್ರೋಟೀನ್ ಇಲ್ಲದ ಹಾಗೆ ಮಾಡಿದೀನಿ. ಅವನ್ನ ಬದುಕಿಸಿಕೊಳ್ಳೋಕೆ ಎಂಟು ತಿಂಗಳು ಹಿಡೀತು. ತುಂಬಾ ನಾಜೂಕು. ಜೋಪಾನ ಮಾಡಿ... ಪ್ಲೀಸ್."

ಕತ್ತಲೆಯಲ್ಲಿ ಅವನ ಕೈ ಟ್ರೇ ಹುಡುಕಿತು. ಟ್ರೇಯ ಜೊತೆಗೆ ಅವಳ ಬೆರಳೂ ಸಿಕ್ಕಿತು. ಇಬ್ಬರೂ ಬೆಂಕಿ ತಾಗಿದವರಂತೆ ಕೈ ಸರಿಸಿದರು... ಟ್ರೇ ಬೀಳದಿದ್ದುದೇ ಪುಣ್ಯ!

"ಜೋಪಾನ," ಎಂದ ಅವನು ಮೆಲ್ಲಗೆ. ಅದು ಒಪ್ಪಿಗೆಯೋ, ಎಚ್ಚರಿಕೆಯೋ ಅವಳಿಗೆ ತಿಳಿಯಲಿಲ್ಲ.

ಆ ಒಂದು ಮಾತೇ ಮುಂದೆ ಇಬ್ಬರನ್ನೂ ಮುಳುಗಿಸುತ್ತದೆ ಎಂದು ಆ ಕತ್ತಲೆಗೂ ಗೊತ್ತಿರಲಿಲ್ಲ.

*

ಅವಳ ಕೆಲಸ ಹೇಳಿಬಿಡುತ್ತೇನೆ, ಕಷ್ಟವೇನಲ್ಲ.

ಡಿಶ್‌ನ ತಳದಲ್ಲಿ ಕೋಶಗಳು ಚಾಪೆ ಹಾಸಿದಂತೆ ಒತ್ತೊತ್ತಾಗಿ ಬೆಳೆಯುತ್ತವೆ. ಆ ಚಾಪೆಯ ನಡುವೆ ಸೂಜಿಮೊನೆಯಂಥ ನಳಿಕೆಯಿಂದ ಒಂದು ಗೀರು ಎಳೆಯಬೇಕು. ಅದು ಗಾಯ. ಎರಡು ದಡದ ಕೋಶಗಳೂ ತೆವಳಿಕೊಂಡು ಬಂದು ಒಂದನ್ನೊಂದು ಮುಟ್ಟಿದಾಗ ಗಾಯ ಮುಚ್ಚುತ್ತದೆ. ಎಷ್ಟು ಹೊತ್ತಿಗೆ ಮುಚ್ಚಿತು ಎಂದು ಅಳೆಯಬೇಕು.

ಅವಳ ಗೈಡ್ ಪ್ರಕಾರ ಒಂದು ಪ್ರೋಟೀನ್ ಈ ತೆವಳುವಿಕೆಗೆ ಬ್ರೇಕ್ ಹಾಕುತ್ತದೆ. ಅದನ್ನು ತೆಗೆದುಬಿಟ್ಟರೆ ಕೋಶಗಳು ಓಡಬೇಕು. ಓಡಿದರೆ ದೊಡ್ಡ ಪ್ರಬಂಧ. ದೊಡ್ಡ ಪ್ರಬಂಧ ಬಂದರೆ ಅವಳಿಗೆ ವಿಜ್ಞಾನಿಯ ಹುದ್ದೆಯ ಸಂದರ್ಶನದಲ್ಲಿ ನಿಲ್ಲಲು ಎರಡು ಕಾಲು. ಇಲ್ಲದಿದ್ದರೆ ಐದು ವರ್ಷ ನೀರಿನಲ್ಲಿ ಹೋಮ.

ಅಳೆಯುವ ಕಣ್ಣಿಗೆ ಆಸೆ ಇರಬಾರದು, ಇದ್ದರೆ ಕಣ್ಣು ಸುಳ್ಳು ಹೇಳುತ್ತದೆ. ಅದಕ್ಕೇ ಒಂದು ಪದ್ಧತಿ: ಬೇರೊಬ್ಬರು ಡಿಶ್‌ಗಳ ಹೆಸರಿನ ಮೇಲೆ ಬರೀ ಸಂಖ್ಯೆಯ ಚೀಟಿ ಅಂಟಿಸಿ, ಯಾವ ಸಂಖ್ಯೆ ಯಾವುದು ಎಂಬ ಗುಟ್ಟನ್ನು ಲಕೋಟೆಯಲ್ಲಿ ಅಂಟಿಸಿಡಬೇಕು. ಎಲ್ಲ ಅಳೆದು ಮುಗಿದ ಮೇಲೆಯೇ ಲಕೋಟೆ ಒಡೆಯುವುದು.

ಆ ಕೋಣೆಯಲ್ಲಿ ಹಿಂದೆ ಇಬ್ಬರಿದ್ದರು. ಚೀಟಿ ಅಂಟಿಸಲು ಒಬ್ಬರು, ಡಿಶ್‌ಗಳನ್ನು ಯಂತ್ರದಲ್ಲಿ ಜೋಡಿಸಲು ಇನ್ನೊಬ್ಬರು. ಎರಡು ವರ್ಷದ ಹಿಂದೆ ಮೇಲಿನವರು 'ಅನಗತ್ಯ ಹುದ್ದೆ' ಎಂದು ಕಾಗದದ ಮೇಲೊಂದು ಗೆರೆ ಎಳೆದು ಒಬ್ಬ ಮನುಷ್ಯನನ್ನು ಅಳಿಸಿದರು. ಅವನ ಕೆಲಸವನ್ನು ಅಳಿಸಲು ಮಾತ್ರ ಮರೆತರು. ಅಂದಿನಿಂದ ಚೀಟಿಯೂ ಜೋಡಣೆಯೂ ಕತ್ತಲೆ ಮೇಷ್ಟ್ರ ತಲೆಗೇ ಬಿತ್ತು.

ಮೊದಲ ಲಕೋಟೆ ಒಡೆದ ದಿನ ಅವಳು ಕಾರಿಡಾರಿನಲ್ಲಿ ಕುಣಿದೇಬಿಟ್ಟಳು!

"ಮೇಷ್ಟ್ರೇ! ಓಡಿವೆ! ನನ್ನ ನಾಲ್ಕೂ ಓಡಿವೆ!"

ಅವನು ಹಗಲ ಬೆಳಕಿನಲ್ಲಿ ಕಣ್ಣು ಕಿರಿದಾಗಿಸಿ ನಕ್ಕ. ಆವತ್ತೇ ಅವಳು ಅವನ ಪೂರ್ತಿ ಮುಖ ನೋಡಿದ್ದು. ಎಡಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು. ಅದೆಷ್ಟು ಹೊತ್ತಿನಲ್ಲಿ ಮುಚ್ಚಿತ್ತೋ... ಎಂಬ ಹುಚ್ಚು ಯೋಚನೆ ಬಂದು ಅವಳೇ ನಾಚಿಕೊಂಡಳು.

*

ಅವರಿಬ್ಬರನ್ನು ಹತ್ತಿರ ತಂದದ್ದು ಕಾರಿಡಾರಿನ ಒಂದು ಹಲಗೆ.

ಪ್ರತಿ ಸೋಮವಾರ ಬೆಳಿಗ್ಗೆ ಅವನು ಅದರ ಎಡಭಾಗದಲ್ಲಿ ಒಂದು ಹಾಳೆ ಅಂಟಿಸುತ್ತಿದ್ದ. 'ಕೋಶಲೋಕದ ಸುದ್ದಿ.' ಜಗತ್ತಿನ ಯಾವ ಲ್ಯಾಬಿನಲ್ಲಿ ಏನು ಹೊಸದು ಕಂಡಿತು ಎಂದು ಐದಾರು ಸಾಲು, ಚಂದದ ಕೈಬರಹ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಅದನ್ನು ಓದದೆ ಒಳಗೆ ಹೋಗುತ್ತಿರಲಿಲ್ಲ. ಬಲಭಾಗ ಖಾಲಿ.

ಒಂದು ಸೋಮವಾರ ಆ ಖಾಲಿಯಲ್ಲಿ ಯಾರೋ ಕಿರಿಯರು ಸಣ್ಣಗೆ ಬರೆದಿದ್ದರು: 'ಗೈಡ್ ಬೈದರೆ ಏನು ಮಾಡಬೇಕು?'

ಅವಳು ಪೆನ್ನು ತೆಗೆದು ಕೆಳಗೆ ಬರೆದಳು: 'ಬಚ್ಚಲುಮನೆಯಲ್ಲಿ ಅಳಬೇಡಿ, ಕೋಲ್ಡ್ ರೂಮಿನಲ್ಲಿ ಅಳಿ. ಕಣ್ಣು ಊದುವುದಿಲ್ಲ. — ಒಬ್ಬ ಅಕ್ಕ.'

ಮರುವಾರ ಬಲಭಾಗದ ತಲೆಯ ಮೇಲೆ ಅದೇ ಚಂದದ ಕೈಬರಹದ ಶೀರ್ಷಿಕೆ ಹುಟ್ಟಿತ್ತು: 'ಅಕ್ಕನ ಕಿವಿಮಾತು.'

ಅಲ್ಲಿಂದ ಶುರು! ಯಾವ ಲ್ಯಾಬ್ ಸೇರಲಿ ಎಂದರೆ, 'ಅಲ್ಲಿರುವವರನ್ನು ಕೇಳಬೇಡಿ, ಬಿಟ್ಟು ಹೋದವರನ್ನು ಕೇಳಿ.' ಸಂಶೋಧನೆ ಬಿಟ್ಟರೆ ಸೋತಂತೆಯೇ ಎಂದರೆ, 'ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ, ಆದರೆ ಮೂಗೇ ಉಸಿರು ಕಟ್ಟಿಸುತ್ತಿದ್ದರೆ ಕಿಟಕಿ ತೆರೆಯಿರಿ.' ಅವನು ಸುದ್ದಿ ಬರೆಯುತ್ತಿದ್ದ, ಅವಳು ಬುದ್ಧಿ ಹೇಳುತ್ತಿದ್ದಳು. ಸೋಮವಾರ ಎಂಟು ಗಂಟೆಗೆ ಹಲಗೆಯ ಮುಂದೆ ಇಬ್ಬರೂ ಚಹಾದ ಲೋಟ ಹಿಡಿದು ನಿಲ್ಲುವುದು ಅಭ್ಯಾಸವಾಯಿತು.

"ನೀವು ಯಾಕೆ ಪಿಎಚ್‌ಡಿ ಮಾಡಲಿಲ್ಲ ಮೇಷ್ಟ್ರೇ?"

"ಮನೇಲಿ ತಂಗಿ ಓದ್ಬೇಕಿತ್ತು. ಯಾರಾದ್ರೂ ಒಬ್ರು ದುಡೀಬೇಕಿತ್ತು." ಅವನು ಲೋಟದೊಳಗೆ ನೋಡಿದ. "ಬೇಜಾರೇನಿಲ್ಲ. ನಿಮ್ಮೆಲ್ಲರ ಕೋಶಗಳನ್ನ ನಿಮಗಿಂತ ಮೊದಲು ನೋಡೋದು ನಾನೇ ಅಲ್ವಾ?"

"ಪ್ರಬಂಧದಲ್ಲಿ ನಿಮ್ಮ ಹೆಸರಿರಲ್ಲ."

"ಮನೆ ಕಟ್ಟಿದ ಗಾರೆಯವನ ಹೆಸರು ಬಾಗಿಲ ಮೇಲಿರುತ್ತಾ?"

ಅವಳಿಗೆ ಊರು ನೆನಪಾಯಿತು. ಅವಳ ಅಮ್ಮ ದರ್ಜಿ. ಊರವರ ಮದುವೆ ರವಿಕೆಗಳನ್ನೆಲ್ಲ ಹೊಲಿದ ಆ ಬೆರಳುಗಳನ್ನು ಯಾವ ಮದುವೆಯ ಫೋಟೋದಲ್ಲೂ ಅವಳು ನೋಡಿರಲಿಲ್ಲ.

*ಇದು ಗೌರವವಾ? ಕನಿಕರವಾ? ಅಥವಾ...*

ಅವಳಿಗೆ ಗೊತ್ತಾಗಲಿಲ್ಲ. ಕೋಶಗಳ ನಡೆ ಅಳೆಯಲು ಯಂತ್ರವಿತ್ತು. ಇದಕ್ಕೇನಿದೆ?

*

ಆರು ಸಲ ಪ್ರಯೋಗ ಮಾಡಿದಳು. ಆರು ಸಲವೂ ಅವಳ ನಾಲ್ಕು ಡಿಶ್‌ಗಳೇ ಮೊದಲು ಗಾಯ ಮುಚ್ಚಿದವು. ಗೈಡ್ ಪ್ರಬಂಧ ಬರೆಯಲು ಕುಳಿತರು. ಸಂದರ್ಶನಕ್ಕೆ ಮೂರು ವಾರ.

ಆ ಸೋಮವಾರ ಅವಳು ಹಲಗೆಯ ಮುಂದೆ ಬಂದು ನಿಂತಳು...

ಎಡಭಾಗ ಖಾಲಿ!

ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಜ್ವರ ಬಂದಾಗಲೂ ಅವನು ತಂಗಿಯ ಕೈಯಲ್ಲಿ ಹಾಳೆ ಕಳಿಸಿದ್ದ.

"ಸುದ್ದಿ ಎಲ್ಲಿ ಮೇಷ್ಟ್ರೇ?"

ಅವನು ಬೇರೆಲ್ಲೋ ನೋಡಿದ. "ಈ ವಾರ... ಇಲ್ಲ."

"ಇಡೀ ಪ್ರಪಂಚದಲ್ಲಿ ಒಂದೂ ಸುದ್ದಿ ಇಲ್ವಾ?"

"ಮಧ್ಯಾಹ್ನ ಸಿಗ್ತೀರಾ? ಒಂದು ಮಾತಿತ್ತು."

ಒಂದು ಮಾತು! ಯಾವ ಮಾತು? ಅವನ ಮುಖ ನೋಡಿದರೆ ಪ್ರೀತಿ ಹೇಳುವವನ ಹಾಗಿರಲಿಲ್ಲ, ಸಾವಿನ ಸುದ್ದಿ ತಂದವನ ಹಾಗಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಹೋಗಿಬಿಟ್ಟ.

ಮಧ್ಯಾಹ್ನ ಅವಳಿಗೆ ಸಿಗಲು ಆಗಲಿಲ್ಲ. ಹನ್ನೊಂದಕ್ಕೇ ಗೈಡ್ ಕರೆಸಿದರು.

"ಕೂತ್ಕೊಳಮ್ಮಾ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನಗೂ ಆ ಯಂತ್ರದ ಕೋಣೆಯವನಿಗೂ ಏನಾದ್ರೂ ಜಗಳವಾ?"

"ಇಲ್ಲ ಸಾರ್... ಯಾಕೆ?"

"ನಿನ್ನ ಆರೂ ಪ್ರಯೋಗ ನಂಬಬೇಡಿ, ತಡೆಹಿಡೀರಿ ಅಂತ ಕಚೇರಿಗೆ ಪತ್ರ ಬರೆದಿದಾನೆ."

ಅವಳು ಕುರ್ಚಿಯಿಂದ ಅರ್ಧ ಎದ್ದಳು.

"ಶನಿವಾರ ಇನ್ಯಾವುದೋ ದೇಶದವರು ಇದೇ ಪ್ರಯೋಗ ಮಾಡಿ, ಓಡಲಿಲ್ಲ ಅಂತ ಪ್ರಕಟಿಸಿದಾರೆ. ಅದನ್ನ ಓದಿ ಇವನಿಗೆ ಜ್ಞಾನೋದಯ ಆಗಿದೆ." ಗೈಡ್ ಒಂದು ಕಾಗದ ಮುಂದಕ್ಕೆ ತಳ್ಳಿದರು. "ಅವನ ದೂರಿಗೆ ಆಧಾರ ಇಲ್ಲ ಅಂತ ಸಹಿ ಹಾಕು. ನಮ್ಮ ಲ್ಯಾಬಿನ ಶುಕ್ರವಾರದ ಸಭೆಗೆ ಮುಂಚೆ. ಅವನ ಗುತ್ತಿಗೆ ಈ ತಿಂಗಳೇ ಮುಗಿಯುತ್ತೆ, ಕಚೇರಿ ನೋಡ್ಕೊಳ್ಳುತ್ತೆ. ಅಲ್ಲೀತನಕ ರಜೆ ಮೇಲಿರ್ತಾನೆ."

"ಸಾರ್, ಅವರು ಹಾಗೆ ಮಾಡೋರಲ್ಲ..."

"ನಾನೂ ನಿನ್ನ ವಯಸ್ಸಲ್ಲಿ ಎಲ್ಲರನ್ನೂ ನಂಬಿದ್ದೆ." ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ಸಂದರ್ಶನ ನಿನ್ನದು. ಬದುಕೂ ನಿನ್ನದೇ."

ಓದುವವರೇ, ಗೈಡ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಪತ್ರದ ಮೊದಲ ಸಾಲು ಮಾತ್ರ ಹೇಳಿದರು, ಉಳಿದದ್ದನ್ನು ಹೇಳಲಿಲ್ಲ. ಮೇಲೆ ಕುಳಿತವರ ಕೈಚಳಕವೇ ಅಂಥದ್ದು!

ಹೊರಗೆ ಬಂದರೆ ಕಾರಿಡಾರಿನಲ್ಲಿ ಅವನು. ಕೈಯಲ್ಲಿ ಚೀಲ.

"ನಿಮ್ಮನ್ನೇ ಹುಡುಕ್ತಿದ್ದೆ. ನಾನು ಹೇಳೋದನ್ನ ಒಂದು ಸಲ..."

"ಕಚೇರಿಗೆ ಹೇಳಾಯ್ತಲ್ಲ! ಇನ್ನು ನನಗೇನು ಹೇಳ್ತೀರಿ?"

"ಯಂತ್ರದಲ್ಲಿ ತಪ್ಪು ಕಂಡ್ರೆ ತಕ್ಷಣ ಬರೆದುಕೊಡಬೇಕು, ಅದು ನಿಯಮ. ಅಲ್ಲಿ ಬಲ್ಬ್ ಬದಲಾಯಿಸಿ ಅನ್ನೋ ಪತ್ರ ಮೂರು ತಿಂಗಳು ಮಲಗಿರುತ್ತೆ. ಅಷ್ಟರಲ್ಲಿ ನಿಮಗೆ ನಾನೇ ಹೇಳ್ಬಹುದು ಅಂದ್ಕೊಂಡೆ. ಇದು ಒಂದೇ ಗಂಟೇಲಿ ಎದ್ದು ಓಡಿಬಿಡ್ತು..."

"ಸುದ್ದಿ ಬಚ್ಚಿಟ್ರಿ! ನಾನು ಹಲಗೆ ಮುಂದೆ ಹಲ್ಲು ಕಿರ್ಕೊಂಡು ನಿಂತಿದ್ರೆ ಬೆನ್ನ ಹಿಂದೆ ಪತ್ರ ಬರೆದ್ರಿ! ಐದು ವರ್ಷ... ನನ್ನ ಐದು ವರ್ಷ ರೀ!"

"ದಯವಿಟ್ಟು, ಜಾಗದ ವಿಷಯ..."

"ಗುಂಡಿ ಒತ್ತೋರಿಗೆ ವಿಜ್ಞಾನ ಏನು ಗೊತ್ತು?"

ಮಾತು ಬಾಯಿಂದ ಹಾರಿತ್ತು.

ಅವನ ಮುಖ ಸಪ್ಪಗಾಯಿತು. ಬೇರೇನೂ ಆಗಲಿಲ್ಲ. ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ತಲೆಯಾಡಿಸಿ, ಮೆಟ್ಟಿಲಿಳಿದು ಹೋದ.

*ಅಯ್ಯೋ... ನಾನೇನಾ ಇದನ್ನ ಹೇಳಿದ್ದು?*

*

ಎರಡು ದಿನ ಅವಳು ಕಾಗದವನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದಳು. ಸಹಿ ಹಾಕಿದರೆ ಅವನ ಅನ್ನ ಹೋಗುತ್ತದೆ, ಹಾಕದಿದ್ದರೆ ಅವಳದ್ದು. ಉಗುಳಲೂ ಆಗದು, ನುಂಗಲೂ ಆಗದು.

ಅವನ ಮೇಲೆ ಸಿಟ್ಟು. ಸಿಟ್ಟಿನ ಕೆಳಗೆ ನಾಚಿಕೆ. ನಾಚಿಕೆಯ ಕೆಳಗೆ ಇನ್ನೇನೋ ಇತ್ತು... ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ.

ಬುಧವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರದ ಸದ್ದು.

"ಅಮ್ಮಾ, ಅಳತೆ ತಪ್ಪಾಗಿ ಹೊಲಿದುಬಿಟ್ರೆ ಏನ್ಮಾಡ್ತೀಯಾ?"

"ಬಿಚ್ಚಿ ಹೊಲೀತೀನಿ. ಇನ್ನೇನ್ಮಾಡೋದು?"

"ಮದುವೆ ನಾಳೆನೇ ಇದ್ರೆ?"

"ಆಗಲೂ ಬಿಚ್ಚಬೇಕು. ಇಸ್ತ್ರಿ ಹಾಕಿದ್ರೆ ಅಳತೆ ಸರಿಹೋಗುತ್ತಾ ಹೇಳು?" ಯಂತ್ರ ನಿಂತಿತು. "ಯಾಕೆ ಮಗಳೇ, ದನಿ ಹೀಗಿದೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಮ್ಮಾ. ನಾನೇ ಅಂದೆ. ಕೈಕೆಲಸದವರೊಬ್ಬರಿಗೆ... ನಿನಗೆ ಯಾರಾದ್ರೂ ಅಂದಿದ್ರೆ ನಾನು ಅವರನ್ನ ಸುಮ್ನೆ ಬಿಡ್ತಿರಲಿಲ್ಲ. ಅಂಥ ಮಾತು."

ಅಮ್ಮ ಮತ್ತೆ ಯಂತ್ರ ತುಳಿದಳು. "ಹಾಗಾದ್ರೆ ಅದನ್ನೂ ಬಿಚ್ಚು."

ಅವಳು ನೇರ ಕತ್ತಲೆ ಕೋಣೆಗೆ ಹೋದಳು. ಬಾಗಿಲಿಗೆ ಬೀಗ. ಪಕ್ಕದಲ್ಲಿ ಡಿಶ್‌ಗಳ ಬುಟ್ಟಿ ಹೊತ್ತು ನಿಂತಿದ್ದರು ಗಾಜು ತೊಳೆಯುವ ಅಕ್ಕ. ಇಪ್ಪತ್ತು ವರ್ಷದಿಂದ ಈ ಸಂಸ್ಥೆಯ ಗಾಜೆಲ್ಲ ತೊಳೆದ ಕೈ ಅವರದು.

"ಬಂದ್ಯಾ? ಯಾಕೆ, ಬೈಯೋಕೆ ಇನ್ನೂ ಬಾಕಿ ಇತ್ತಾ?"

"ಅಕ್ಕಾ..."

"ಕಾರಿಡಾರೆಲ್ಲ ಕೇಳಿಸ್ತು ಕಣಮ್ಮಾ. ಗುಂಡಿ ಒತ್ತೋನಂತೆ! ಭಾನುವಾರ ಇಡೀ ದಿನ ಈ ಕೋಣೇಲಿ ಥರ್ಮಾಮೀಟರ್ ಹಿಡ್ಕೊಂಡು ಕೂತಿದ್ದ. ಊಟಕ್ಕೆ ಬಾರೋ ಅಂದ್ರೆ, ನನ್ನಿಂದ ಅವರಿಗೆ ಅನ್ಯಾಯ ಆಗಿದೆ ಅಕ್ಕಾ ಅಂದ. ಅನ್ಯಾಯ ಅಂದ್ರೇನು ಅಂತ ನನಗೇನು ಗೊತ್ತು? ಮುಖ ನೋಡಿದ್ರೆ ಗೊತ್ತಾಗುತ್ತೆ." ಸೊಂಟದಿಂದ ಬೀಗದ ಕೈ ತೆಗೆದು ಅವಳ ಅಂಗೈಗೆ ಹಾಕಿದರು. "ಕಸ ಗುಡಿಸೋಕೆ ಅಂತ ನನ್ನ ಹತ್ರ ಒಂದಿದೆ. ಹೋಗು. ಓದೋಕೆ ಬರುತ್ತಲ್ಲ ನಿನಗೆ?"

ಯಂತ್ರದ ಪಕ್ಕದಲ್ಲಿ ಅವನ ನೋಟ್‌ಬುಕ್ ಇತ್ತು.

ಯಂತ್ರದ ಬೆಚ್ಚಗಿನ ಪೆಟ್ಟಿಗೆಯಲ್ಲಿ ಎಂಟು ಜಾಗ. ನಾಲ್ಕು ಮಧ್ಯದಲ್ಲಿ, ನಾಲ್ಕು ಅಂಚಿನಲ್ಲಿ. ಯಾವ ಡಿಶ್ ಯಾವ ಜಾಗದಲ್ಲಿತ್ತು ಎಂದು ಪ್ರತಿ ಸಲ ಅವನು ಬರೆದಿಟ್ಟಿದ್ದ. ಅವಳು ಲಕೋಟೆಗಳ ಗುಟ್ಟನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ತಾಳೆ ನೋಡಿದಳು.

ಮೊದಲ ಪ್ರಯೋಗ. ಅವಳ ನಾಜೂಕಿನ ನಾಲ್ಕು ಮಧ್ಯದಲ್ಲಿ. ಪಕ್ಕದಲ್ಲಿ ಒಂದೇ ಪದ: 'ಜೋಪಾನ.'

ಎರಡನೆಯದು. ಮಧ್ಯದಲ್ಲಿ. 'ಜೋಪಾನ.'

ಮೂರು... ನಾಲ್ಕು... ಐದು... ಆರು.

'ಜೋಪಾನ.' 'ಜೋಪಾನ.'

ಚೀಟಿ ಅಂಟಿಸಿದವನು ಅವನೇ ಆದ್ದರಿಂದ ಯಾವುದು ಯಾವುದೆಂದು ಅವನಿಗೊಬ್ಬನಿಗೇ ಗೊತ್ತಿತ್ತು. ಅವಳು ಜೋಪಾನ ಎಂದಿದ್ದಳಲ್ಲ... ಅದಕ್ಕೇ ಅವನ ಕೈ ತನಗೇ ಅರಿವಿಲ್ಲದೆ ಒಳ್ಳೆಯ ಜಾಗವನ್ನು ಅವಳದ್ದಕ್ಕೇ ಕೊಡುತ್ತಾ ಬಂದಿತ್ತು!

ಕೊನೆಯ ಪುಟದಲ್ಲಿ ಭಾನುವಾರದ ತಾರೀಕು.

'ಮಧ್ಯದ ಜಾಗ ಅಂಚಿಗಿಂತ ಒಂದು ಡಿಗ್ರಿ ಬೆಚ್ಚಗಿದೆ. ಅಂಚಿಗೆ ಪೆಟ್ಟಿಗೆಯ ಬಾಗಿಲಿನಿಂದ ತಂಪು ನುಗ್ಗುತ್ತದೆ. ಬೆಚ್ಚಗಿದ್ದ ಕೋಶಗಳು ಬೇಗ ತೆವಳುತ್ತವೆ. ಆ ಪ್ರೋಟೀನ್ ಬ್ರೇಕ್ ಹೌದೋ ಅಲ್ಲವೋ ಗೊತ್ತಿಲ್ಲ. ಓಡಿಸಿದ್ದು ನಾನು. ತಪ್ಪು ಪೂರ್ತಿ ನನ್ನದು, ಅವರದ್ದಲ್ಲ ಎಂದು ಪತ್ರದಲ್ಲಿ ಬರೆಯಬೇಕು. ಅವರಿಗೆ ಹೇಗೆ ಹೇಳಲಿ?'

ಅವಳು ಅವನ ಸ್ಟೂಲಿನ ಮೇಲೆ ಕುಸಿದಳು.

ಐದು ವರ್ಷದ ಫಲಿತಾಂಶ ಒಂದು ಡಿಗ್ರಿ ಬಿಸಿಯಲ್ಲಿ ಕರಗಿಹೋಗಿತ್ತು. ಅಳು ಬರಬೇಕಿತ್ತು, ಬಂತು ಕೂಡ. ಆದರೆ ಆ ಅಳುವಿನ ನಡುವೆ ಎದೆಯಲ್ಲಿ ಬೆಚ್ಚಗೆ ಏನೋ ಹರಡಿತಲ್ಲ, ಅದೇನು? ಕೆಲಸ ಹಾಳುಮಾಡಿದವನ ಮೇಲೆ ಯಾರಿಗಾದರೂ ಪ್ರೀತಿ ಉಕ್ಕುತ್ತದಾ?

*ತಲೆ ಕೆಟ್ಟಿದೆ ನನಗೆ!*

*

ಸರಿ, ಅಳತೆ ತಪ್ಪಿದರೆ ಬಿಚ್ಚಬೇಕು.

ಅಂದೇ ಎಂಟು ಹೊಸ ಡಿಶ್ ಸಿದ್ಧಮಾಡಿದಳು.

"ಅಕ್ಕಾ, ಒಂದು ಕೆಲಸ ಮಾಡಿಕೊಡ್ತೀರಾ? ಈ ಸಂಖ್ಯೆಗಳನ್ನ ನಿಮ್ಮಿಷ್ಟದ ಹಾಗೆ ಅಂಟಿಸಿ, ಯಾವುದು ಯಾವುದರ ಮೇಲೆ ಅಂತ ಬರೆದು ಲಕೋಟೇಲಿಡಿ. ನನಗೆ ಹೇಳಬೇಡಿ."

"ಹೇಳಿದ್ರೆ?"

"ವಿಜ್ಞಾನ ಕೆಟ್ಟುಹೋಗುತ್ತೆ."

"ನನ್ನ ಬಾಯಿಂದ ಇಷ್ಟು ದಿನ ಸಂಸಾರಗಳು ಕೆಟ್ಟಿದ್ವು, ವಿಜ್ಞಾನ ಇದೇ ಮೊದಲು," ಎಂದು ಅಕ್ಕ ಚೀಟಿ ಅಂಟಿಸಲು ಕುಳಿತರು.

ಯಾವ ಡಿಶ್‌ಗೆ ಯಾವ ಜಾಗ ಎಂಬುದನ್ನು ಅವಳು ಕಣ್ಣು ಮುಚ್ಚಿ ಚೀಟಿ ಎತ್ತಿ ತೀರ್ಮಾನಿಸಿದಳು. ಯಂತ್ರ ಒಂದು ದಿನ ತನ್ನಷ್ಟಕ್ಕೆ ಚಿತ್ರ ತೆಗೆಯಿತು. ಗುರುವಾರ ಸಂಜೆ ಎಲ್ಲ ಅಳೆದು ಲಕೋಟೆ ಒಡೆದಳು.

ಮಧ್ಯದಲ್ಲಿದ್ದವು ಓಡಿದ್ದವು. ಅಂಚಿನಲ್ಲಿದ್ದವು ಹಿಂದೆ ಬಿದ್ದಿದ್ದವು. ಪ್ರೋಟೀನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಅವಳಿಗೆ ವಿಚಿತ್ರವಾದ ಹಗುರ. ಬೆನ್ನ ಮೇಲಿನ ಮೂಟೆ ಕಳ್ಳರು ಕದ್ದೊಯ್ದಂಥ ಹಗುರ... ಮೂಟೆಯಲ್ಲಿ ತನ್ನದೆಲ್ಲ ಇತ್ತು, ನಿಜ. ಆದರೂ ಬೆನ್ನು ನೆಟ್ಟಗಾಗಿತ್ತು.

ಶುಕ್ರವಾರದ ಸಭೆಯಲ್ಲಿ ಹದಿನಾಲ್ಕು ಜನರ ಮುಂದೆ ಅವಳು ಎದ್ದು ನಿಂತಳು. ಗೈಡ್ ಕೊಟ್ಟ ಕಾಗದವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಹೊಸ ಚಿತ್ರಗಳು.

"ಆರೂ ಪ್ರಯೋಗ ತಪ್ಪು ಸಾರ್. ಬೇರೆ ದೇಶದವರು ಹೇಳಿದ್ದೇ ಸರಿ ಅನ್ಸುತ್ತೆ."

"ಅಂದ್ರೆ ಅವನ ತಪ್ಪು ಅಂತ ನೀನೇ ಒಪ್ಕೊಂಡ ಹಾಗಾಯ್ತಲ್ಲ."

"ಜೋಪಾನ ಮಾಡಿ ಅಂದಿದ್ದು ನಾನು. ಇಬ್ಬರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದು ಕಚೇರಿ. ಚೀಟಿ ಅಂಟಿಸಿದವರೇ ಜೋಡಿಸಬಾರದು ಅಂತ ಗೊತ್ತಿದ್ದೂ ನಾವ್ಯಾರೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಯಾಕಂದ್ರೆ ನಮಗೆ ಬೇಕಾದ ಉತ್ತರ ಬರ್ತಿತ್ತು." ಅವಳು ಚಿತ್ರಗಳನ್ನು ಗೈಡ್ ಕಡೆಗೆ ತಳ್ಳಿದಳು. "ನಾವೆಲ್ಲ ಇಷ್ಟು ಓದಿದವರು. ನಮ್ಮಲ್ಲಿ ಥರ್ಮಾಮೀಟರ್ ಹಿಡಿದು ನೋಡಿದ್ದು ಗುಂಡಿ ಒತ್ತೋರು ಒಬ್ಬರೇ. ಅವರನ್ನ ಕಳಿಸೋದಾದ್ರೆ ನನ್ನ ಹೆಸರನ್ನೂ ತೆಗೀರಿ."

ಗೈಡ್ ಚಿತ್ರಗಳನ್ನು ತುಂಬ ಹೊತ್ತು ನೋಡಿದರು. ಎರಡು ಸಲ ನೋಡಿದರು. ಎಷ್ಟಾದರೂ ಅವರೂ ಒಂದು ಕಾಲದಲ್ಲಿ ಅಳೆಯುವವರೇ ಆಗಿದ್ದರು.

"ಸಂದರ್ಶನದಲ್ಲಿ ಏನು ತೋರಿಸ್ತೀಯಾ?" ಕೊನೆಗೆ ಕೇಳಿದರು.

"ಇದನ್ನೇ ಸಾರ್."

"ಕೆಲಸ ಕೊಡಲ್ಲ."

"ಇರಬಹುದು."

ಅವರು ಸಹಿಯಿಲ್ಲದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಇನ್ನೆರಡು ಸಲ ಮಾಡು. ಹೀಗೇ ಬಂದ್ರೆ... ತಪ್ಪಿನ ಬಗ್ಗೆಯೇ ಬರೆಯೋಣ. ಕಚೇರಿಗೆ ನಾನು ಮಾತಾಡ್ತೀನಿ." ಬಾಗಿಲ ಬಳಿ ನಿಂತು, ತಿರುಗದೆ, "ಅವನ ಹೆಸರೂ ಹಾಕು," ಎಂದರು.

*

ಸೋಮವಾರ ಬೆಳಿಗ್ಗೆ. ಅವಳು ಕತ್ತಲೆ ಕೋಣೆಯಲ್ಲಿ ಎರಡನೆಯ ಪ್ರಯೋಗದ ಚಿತ್ರ ತೆಗೆಯುತ್ತಿದ್ದಳು. ಪರದೆಯ ತುಂಬ ಹಸಿರು ಚುಕ್ಕಿಗಳು.

ಸಟ್ಟನೆ ಬಾಗಿಲು ತೆರೆಯಿತು. ಬೆಳಕು ನುಗ್ಗಿತು.

"ಬಾಗಿಲು ಮುಚ್ಚಿ!" ಅವಳು ಕಿರುಚಿದಳು.

"ಒಳಗೆ ಬಂದು ಮುಚ್ಚಲಾ... ಹೊರಗೆ ಹೋಗಿ ಮುಚ್ಚಲಾ?"

ಆ ದನಿ!

"ಒಳಗೆ," ಎಂದಳು. ಅಷ್ಟು ಸಣ್ಣ ದನಿ ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಬಾಗಿಲು ಮುಚ್ಚಿತು. ಕತ್ತಲೆ.

"ಬೀಗದ ಕೈ ಕೊಟ್ಟು ಹೋಗೋಣ ಅಂತ ಬಂದೆ. ಕಚೇರಿಯವರು, ನಿಮ್ಮ ಹತ್ರಾನೇ ಇಟ್ಕೊಳ್ಳಿ, ಕೆಲಸ ಮುಂದುವರಿಸಿ ಅಂದ್ರು. ಏನಾಯ್ತು ಅಂತ ಕೇಳಿದ್ರೆ ಯಾರೂ ಸರಿಯಾಗಿ ಹೇಳಲಿಲ್ಲ. ಗಾಜು ತೊಳೆಯೋ ಅಕ್ಕ ಮಾತ್ರ, ಹೋಗು, ನಿನ್ನ ಕೆಲಸ ಉಳಿಸಿದೋಳು ನಿನಗಾಗಿ ಕತ್ತಲಲ್ಲಿ ಕೂತಿದಾಳೆ ಅಂದ್ರು." ಅವನು ತಡೆದ. "ನನಗೇನೂ ಅರ್ಥ ಆಗ್ತಿಲ್ಲ. ನಿಮ್ಮ ಐದು ವರ್ಷ ಹಾಳು ಮಾಡಿದವನು ನಾನು. ನನ್ನನ್ನ ಯಾಕೆ ಉಳಿಸಿಕೊಂಡ್ರಿ?"

"ನನಗೂ ಅರ್ಥ ಆಗಿಲ್ಲ ಮೇಷ್ಟ್ರೇ. ಒಂದು ವಾರದಿಂದ ಯೋಚನೆ ಮಾಡ್ತಿದೀನಿ." ಅವಳು ಕಣ್ಣೊರೆಸಿಕೊಂಡಳು. ಕತ್ತಲೆಯಲ್ಲಿ ಕಾಣದಿದ್ದುದೇ ಒಳ್ಳೆಯದಾಯಿತು. "ಮೊದಲು ಕ್ಷಮಿಸಿ. ಆವತ್ತು ನಾನಂದ ಮಾತು... ಅದನ್ನ ಬಿಚ್ಚಿಬಿಡ್ಬೇಕು ಅನ್ಸುತ್ತೆ. ಹೇಗೆ ಅಂತ ಗೊತ್ತಿಲ್ಲ."

"ಮರೆತೆ ಅಂದ್ರೆ ಸುಳ್ಳಾಗುತ್ತೆ. ನೋವಾಯ್ತು." ಅವನು ಪರದೆಯ ಹತ್ತಿರ ಬಂದ. ಹಸಿರು ಬೆಳಕಿನಲ್ಲಿ ಒಂದು ಗಲ್ಲ, ಹುಬ್ಬಿನ ಮೇಲಿನ ಗುರುತು. "ಈಗ ಸ್ವಲ್ಪ ಕಡಿಮೆ ಇದೆ."

"ನೋಟ್‌ಬುಕ್ ಓದಿದೆ."

ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು.

"ಆರು ಸಲ ಜೋಪಾನ ಅಂತ ಬರೆದಿದೀರಿ. ಯಾವುದನ್ನ? ಕೋಶಗಳನ್ನಾ?"

"ಮೊದಲನೇ ಸಲ ಕೋಶಗಳನ್ನೇ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಆಮೇಲೆ... ನೀವು ಕಾರಿಡಾರಲ್ಲಿ ಕುಣಿದ್ರಲ್ಲ. ಆಮೇಲಿನದ್ದು ನನಗೇ ಗೊತ್ತಿಲ್ಲ. ಕೈಗೆ ಗೊತ್ತಿತ್ತು ಅನ್ಸುತ್ತೆ."

ಅವಳು ನಗುತ್ತಾ ಅತ್ತಳೋ, ಅಳುತ್ತಾ ನಕ್ಕಳೋ! "ವಿಜ್ಞಾನಕ್ಕೆ ನಿಮ್ಮಂಥೋರು ಬಹಳ ಅಪಾಯ."

"ಹೌದು. ಇನ್ನು ಮೇಲೆ ನಿಮ್ಮ ಡಿಶ್ ನಾನು ಮುಟ್ಟಲ್ಲ. ಆಣೆ."

"ಡಿಶ್ ಮುಟ್ಟಬೇಡಿ." ಅವಳು ಕತ್ತಲೆಯಲ್ಲಿ ಕೈ ಚಾಚಿದಳು. ಈ ಸಲ ನಡುವೆ ಟ್ರೇ ಇರಲಿಲ್ಲ. ಅವನ ಬೆರಳು ಸಿಕ್ಕಿದಾಗ ಯಾರೂ ಕೈ ಸರಿಸಲಿಲ್ಲ.

"ಸಂದರ್ಶನದಲ್ಲಿ ಆಗ್ದೇ ಹೋದ್ರೆ?" ಅವನು ಪಿಸುಗುಟ್ಟಿದ.

"ಗೊತ್ತಿಲ್ಲ. ಒಂದು ದಾರಿ ಹುಡುಕೋಣ." ಅವಳು ತಡೆದಳು. "ಹುಡುಕ್ತೀಯಲ್ಲಾ... ನನ್ನ ಜೊತೆ?"

ಆ ಏಕವಚನ ಕೇಳಿ ಅವನು ಮೆಲ್ಲಗೆ ನಕ್ಕ. "ಹಲಗೆಯ ಎಡಭಾಗ ಒಂದು ವಾರದಿಂದ ಖಾಲಿ ಬಿದ್ದಿದೆ. ಈ ವಾರ ಸುದ್ದಿ ಏನು ಬರೀಲಿ ಅಕ್ಕಾವ್ರೇ?"

"ಅಕ್ಕ ಅಂದ್ರೆ ಹಲ್ಲು ಉದುರಿಸ್ತೀನಿ!"

"ಮತ್ತೇನು ಅನ್ನಲಿ?"

ಪರದೆಯ ಮೇಲೆ ಗೀರಿನ ಎರಡು ದಡಗಳಿಂದ ಹಸಿರು ಚುಕ್ಕಿಗಳು ತೆವಳಿ ಬರುತ್ತಿದ್ದವು. ಯಾವುವು ಯಾವುವೆಂದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಗುಟ್ಟು ಗಾಜು ತೊಳೆಯುವ ಅಕ್ಕನ ಲಕೋಟೆಯಲ್ಲಿತ್ತು.

"ನಿಧಾನಕ್ಕೆ ಯೋಚನೆ ಮಾಡು," ಎಂದಳು ಅವನ ಭುಜಕ್ಕೆ ತಲೆ ಆನಿಸಿ. "ಚಿತ್ರ ಮುಗಿಯೋಕೆ ಇನ್ನೂ ನಾಲ್ಕು ಗಂಟೆ ಇದೆ."

"ಚಳಿ ಆಗ್ತಿದೆಯಾ? ಇಲ್ಲಿ ಬಾಗಿಲ ಸಂದಿಯಿಂದ ಗಾಳಿ ಬರುತ್ತೆ. ಈ ಕಡೆ ಬಾ."

"ಮತ್ತೆ ಬೆಚ್ಚಗಿನ ಜಾಗ ನನಗೇನಾ?"

"ಇದು ಪ್ರಯೋಗ ಅಲ್ವಲ್ಲ," ಎಂದ ಅವನು.